ಅಜ್ಜಿಯ ಕರುಳಿನ ಸ್ಯಾಂಪಲ್

ತೊಪ್ಪೂರು ಘಾಟಿನ ಕೆಳಗಿರುವ ನಮ್ಮೂರಿನಲ್ಲಿ ಮಲದ ಸ್ಯಾಂಪಲ್ ಕೇಳಿಕೊಂಡು ಮನೆಮನೆ ತಿರುಗಿದ ಮೊದಲ ಹುಡುಗಿ ನಾನೇ ಇರಬೇಕು. ನಾಚಿಕೆಯೇನೂ ಇರಲಿಲ್ಲ. ಸೇಲಂನಲ್ಲಿ ನನ್ನ ಪಿಎಚ್‌ಡಿ ಕೆಲಸವೇ ಅದು: ಯಾರ ಕರುಳಲ್ಲಿ ಯಾವ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಪಟ್ಟಿ ಮಾಡಿ, ಆ ಪಟ್ಟಿಯಿಂದ ಅಲ್ಲಿ ಯಾವ ಜೀನುಗಳಿರಬಹುದು ಎಂದು ಊಹಿಸುವುದು. ಗೊತ್ತಿಲ್ಲದ ಬ್ಯಾಕ್ಟೀರಿಯಾ ಸಿಕ್ಕರೆ ಕಂಪ್ಯೂಟರು ಅದರ ಹತ್ತಿರದ ನೆಂಟರನ್ನು ನೋಡಿ, ಅವರಲ್ಲಿರುವ ಜೀನು ಇದರಲ್ಲೂ ಇದ್ದೀತು ಎನ್ನುತ್ತದೆ. ತಾಯಿ ಕುರಿ ನೋಡಿ ಮರಿಯ ಗುಣ ಹೇಳುವ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊರವರೆಲ್ಲ ಮುಖ ತಿರುಗಿಸಿದಾಗ ಮೊದಲು ಒಪ್ಪಿದವಳು ನನ್ನನ್ನು ಸಾಕಿದ ಅಜ್ಜಿ. ಔಷಧಿ ನೀರಿದ್ದ ಟ್ಯೂಬಿಗೆ ಕಡಲೆಕಾಳಷ್ಟು ಹಾಕಿದರೆ ಸಾಕಿತ್ತು. ಅವಳು ಕೊಟ್ಟಿದ್ದನ್ನು ನೋಡಿ ಉಳಿದವರೂ ಕೊಟ್ಟರು.

ಫಲಿತಾಂಶ ಬಂದಾಗ ಅಜ್ಜಿಯದೇ ಎಲ್ಲರಿಗಿಂತ ಬೇರೆ. ಗಟ್ಟಿ ನಾರನ್ನು ಒಡೆಯುವ ಜೀನುಗಳು ಅವಳ ಕರುಳಲ್ಲಿ ರಾಶಿ ರಾಶಿ ಇರಬೇಕು ಎಂದಿತು ಕಂಪ್ಯೂಟರು. ಜೀವಮಾನವಿಡೀ ರಾಗಿ ಮುದ್ದೆ, ಸೊಪ್ಪು ತಿಂದವಳಲ್ಲವೇ ಎಂದು ಹಿಗ್ಗಿ ಹೀರೇಕಾಯಿಯಾದೆ. ಮುಂದಿನ ವಾರ ಪ್ರೊಫೆಸರುಗಳ ಎದುರು ಇದನ್ನೇ ಮಂಡಿಸುವುದಿತ್ತು. ಪ್ರಬಂಧದ ಮುಖ್ಯ ಅಧ್ಯಾಯವೇ ಇದಾಗುತ್ತಿತ್ತು.

ಪಟ್ಟಿಯಲ್ಲಿ ಬ್ಯಾಕ್ಟೀರಿಯಾಗಳ ಆ ನೆಂಟಸ್ತಿಕೆ ಎಷ್ಟು ದೂರದ್ದು ಎಂದು ತೋರಿಸುವ ಒಂದು ಕಾಲಂ ಇರುತ್ತದೆ. ದೂರ ಹೆಚ್ಚಿದಷ್ಟೂ ಊಹೆ ನಂಬಲಾಗದು. ಅಜ್ಜಿಯ ಸಾಲಿನಲ್ಲಿ ಮಾತ್ರ ಅದು ವಿಪರೀತವಾಗಿತ್ತು. ನಾನು ನೋಡಿಯೂ ನೋಡದವಳಂತೆ ಬಿಟ್ಟಿದ್ದೆ. ಸ್ಲೈಡ್ ಮಾಡುವಾಗ ಮನಸ್ಸು ತಡೆಯದೆ ಬ್ಯಾಕ್ಟೀರಿಯಾಗಳ ಹೆಸರನ್ನು ಒಂದೊಂದಾಗಿ ಓದಿದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವವೇ ತುಂಬಿದ್ದವು. ಓಮಲೂರಿನಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ.

ಅಜ್ಜಿ ಕುರಿ ದೊಡ್ಡಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದಳು.

"ಅಜ್ಜೀ, ಆ ಟ್ಯೂಬಲ್ಲಿ ಏನ್ ಆಕಿದ್ದೆ? ನಿಜ ಏಳು."

"ಕುರಿ ಇಕ್ಕೆ," ಎಂದಳು, ಒಂಚೂರೂ ಅಳುಕದೆ. "ನೀರಲ್ಲಿ ಕಲಸಿ ಆಕ್ದೆ."

ನನಗೆ ಕೆಟ್ಟ ಕೋಪ ಬಂತು. "ಎರಡು ವರ್ಷದ ಕೆಲಸ ಅಜ್ಜಿ. ಯಾಕ್ ಇಂಗ್ ಮಾಡ್ದೆ?"

"ಕುರೀದು ಅಸಿಂಗ ಅಲ್ಲ, ಒಲಸಲ್ಲ ನನ್ ಕಣ್ಣೇ, ದಿನಾ ಮುಟ್ತೀವಿ. ನನ್ ಒಲಸನ್ನ ನೀನು ಕೈಯಾಗೆ ಇಡ್ಕಬೇಕಾ? ಅದಕ್ಕಾ ನಿನ್ನ ಓದ್ಸಿದ್ದು?"

ಕೋಪ ಎಲ್ಲಿ ಹೋಯಿತೋ. ಆ ದೊಡ್ಡ ಅಧ್ಯಾಯವೂ ಹೋಯಿತು, ಹೋಗಲಿ. ಪಟ್ಟಿ ಕುರಿಯನ್ನು ಕುರಿ ಎಂದೇ ಹೇಳಿತ್ತು, ಕಿವಿಗೆ ಹಾಕಿಕೊಳ್ಳದವಳು ನಾನು. ಮುಂದಿನ ವಾರ ಪ್ರೊಫೆಸರುಗಳ ಎದುರು ತಲೆ ತಗ್ಗಿಸದೆ ಹಾಗೆಂದೇ ಹೇಳಿದೆ. ಕುರಿಯ ಸಾಲು ತೆಗೆದ ಮೇಲೂ ಉಳಿದವರ ಲೆಕ್ಕ ಗಟ್ಟಿಯಾಗಿ ನಿಂತಿತು.

ಆದರೆ ಅವತ್ತು ದೊಡ್ಡಿಯಲ್ಲಿ ಕೋಪ ಇಳಿದ ಮೇಲೆ ನಾನು ಕೇಳಿದ್ದು ಒಂದೇ ಮಾತು. "ನಾ ಕೂಸಾಗಿದ್ದಾಗ ನಂದು ಯಾರು ತೊಳೆದ್ರು?" ಕೇಳಿ, ಹೊಸ ಟ್ಯೂಬೊಂದನ್ನು ಅವಳ ಕೈಗಿಟ್ಟೆ.

ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಗುಡಿಸತೊಡಗಿದಳು. ಮರುದಿನ ಬೆಳಿಗ್ಗೆ ಸೆರಗಿನಲ್ಲಿ ಮುಚ್ಚಿಕೊಂಡು ಬಂದು, ನನ್ನ ಮುಖ ನೋಡದೆ ಟ್ಯೂಬ್ ಕೊಟ್ಟಳು. ನಾನು ಅದನ್ನು ಚೀಲದಲ್ಲಿಟ್ಟು ಬರುವಷ್ಟರಲ್ಲಿ ಚೊಂಬು ಹಿಡಿದು ನಿಂತಿದ್ದಳು. ನನ್ನ ಕೈಗೆ ತಾನೇ ನೀರು ಹೊಯ್ದು, ಬೆರಳು ಬೆರಳು ಬಿಡಿಸಿ ತೊಳೆದಳು.