ಮೂರನೆಯ ಕೂಗು

ಮೊನ್ನೆ ಕುಮಟೆಯ ಸಂತೆಯಲ್ಲಿ ಒಣಸೀಗಡಿಯ ರಾಶಿ ದಾಟುವಾಗ ಆ ವಾಸನೆ ಮೂಗಿಗೆ ಬಡಿಯಿತು. ಅದಕ್ಕೆ ಬಾಯಲ್ಲಿ ನೀರೂರುವವರೇ ಹೆಚ್ಚು. ನನಗೆ ಮಾತ್ರ ಬೆನ್ನಲ್ಲಿ ಚಳಿ ಹುಟ್ಟುತ್ತದೆ. ಜೊತೆಗಿದ್ದ ಸೊಸೆ, "ಅತ್ತೆ, ಎಂತ ಆತು? ಮುಖ ಬೆಳ್ಳಗಾತಲ್ಲ" ಎಂದಳು. ಬಿಸಿಲು ಅಂದೆ. ಬಿಸಿಲಲ್ಲ... ಆ ಹೆಂಗಸು ನೆನಪಾಗಿದ್ದಳು.

ಅರವತ್ತರ ದಶಕದ ಆರಂಭ. ಹೊನ್ನಾವರದ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ನನಗೆ ಮೊದಲ ನೌಕರಿ. ವಾರವಿಡೀ ಅಲ್ಲೇ ಇದ್ದು ಭಾನುವಾರಕ್ಕೆ ಮನೆಗೆ ಬರುತ್ತಿದ್ದೆ. ಸೋಮವಾರ ಬೆಳಿಗ್ಗೆ ಮತ್ತೆ ಗುಡ್ಡ ಹತ್ತಬೇಕು. ಆ ಗುಡ್ಡವೆಲ್ಲ ಸರಕಾರದ ರಿಸರ್ವ್ ಕಾಡು. ಒಂದು ಟೊಂಗೆ ಮುರಿದರೂ ಗಾರ್ಡು ಕೇಸು ಹಾಕುತ್ತಿದ್ದ. ಹೀಗಾಗಿ ಯಾರೂ ಕತ್ತಿ ಮುಟ್ಟಿಸದೆ ಕಾಲುದಾರಿಯೇ ಕಾಣದಷ್ಟು ಗಿಡ ಬೆಳೆದಿತ್ತು. ಬಲಕ್ಕೆ, ಎಲ್ಲೋ ಕೆಳಗೆ, ಕಡಲು ಮೊರೆಯುವುದು ಕೇಳುತ್ತಿತ್ತು, ಕಡಲು ಕಾಣುತ್ತಿರಲಿಲ್ಲ.

ಆಚೆ ಊರಿಗೆ ಮೀನು ಮಾರಲು ಹೋಗುತ್ತಿದ್ದ ಹೆಂಗಸೊಬ್ಬಳು ನನಗೆ ಜೊತೆ. ನಾನು ಅವಳನ್ನು ಅಬ್ಬೆ ಎನ್ನುತ್ತಿದ್ದೆ. ಅವಳಿಗೆ ನಾನು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದು, ಆಗ ಅವಳ ತಲೆಯ ಬುಟ್ಟಿಯಲ್ಲಿ ಒಣಸೀಗಡಿ. ನನ್ನ ಪುಕ್ಕಲುತನ ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. ಅವಳ ಗಂಡ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಸತ್ತರು ಎಂಬ ಮಾತು ಮಾತ್ರ ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಮೊದಲ ದಿನವೇ ನನಗೊಂದು ಪಾಠ ಹೇಳಿದ್ದಳು. "ಅಕ್ಕೋರೆ, ಕಾಡಲ್ಲಿ ಯಾರಾದ್ರೂ ಕರದ್ರೆ ಒಂದೇ ಸಲಕ್ಕೆ ಓ ಅನ್ನೂಕಾಗ. ಮೂರು ಸಲ ಕರೂ ತನಕ ಸುಮ್ನೆ ಇರುದು."

"ಎಂತಕೆ ಅಬ್ಬೆ?"

"ಜೀವ ಇದ್ದವ್ರು ಮೂರು ಸಲ ಕರೀತ್ರು. ಇಲ್ದವ್ರಿಗೆ ಅಷ್ಟು ಉಸಿರಿಲ್ಲ. ಓ ಅಂದವ್ರನ್ನ ಕರ್ಕಂಡೇ ಹೋಗ್ತ್ರು."

ಓದಿದವಳು ನಾನು, ನಕ್ಕುಬಿಡಬೇಕಿತ್ತು. ಕಾಡಿನೊಳಗೆ ನಗು ಬರಲಿಲ್ಲ.

ಒಂದು ಸೋಮವಾರ ಮಳೆ ಆಗಷ್ಟೇ ಬಿಟ್ಟಿತ್ತು. ಅಬ್ಬೆ ಒರತೆಯ ಹತ್ತಿರ ಬುಟ್ಟಿ ಇಳಿಸಿ, ನೀರು ಕುಡಿದು ಬರ್ತೆ, ನೀವು ನಡೀತಾ ಇರಿ ಎಂದಳು. ತಿರುವು ದಾಟಿದೆ. ಹಸಿರೆಂದು ಕಾಲಿಟ್ಟ ಕಡೆ ಅಡಿಯಲ್ಲಿ ನೆಲವೇ ಇರಲಿಲ್ಲ. ಜಾರಿದೆ. ಕೈಗೆ ಸಿಕ್ಕ ಮರದ ಬೇರನ್ನು ಹಿಡಿದು ನಿಂತೆ. ಕೊಡೆ ಮಾತ್ರ ಕೆಳಗೆ ಹೋಯಿತು... ಬಿದ್ದ ಸದ್ದು ಕೇಳಲಿಲ್ಲ. ಆಮೇಲೆ ಕತ್ತು ಬಗ್ಗಿಸಿ ನೋಡಿದೆ. ಕಲ್ಲು, ಬಿಳಿ ನೊರೆ.

"ಕೂ..." ಎಂದೆ. ಉತ್ತರವಿಲ್ಲ. ಮತ್ತೊಮ್ಮೆ ಕೂಗಿದೆ. ಕೂಗಿದ ರಭಸಕ್ಕೆ ಕಾಲ ಕೆಳಗಿನ ಮಣ್ಣು ಹಿಡಿಯಷ್ಟು ಉದುರಿತು. ಬೇರು ಸಡಿಲವಾಯಿತು. ಇನ್ನೊಮ್ಮೆ ಕೂಗಿದರೆ ಬೀಳುತ್ತೇನೆ. ಕೂಗದಿದ್ದರೆ ಅವಳು ಬರುವುದಿಲ್ಲ. ಒರತೆಯ ಬಳಿ ಅವಳು ಉಸಿರು ಬಿಗಿಹಿಡಿದು ಮೂರನೆಯದಕ್ಕೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಅಷ್ಟು ಹೆದರಿಕೆ ಜೀವಮಾನದಲ್ಲಿ ಮತ್ತೆ ಕಂಡಿಲ್ಲ. ದೇವರ ಹೆಸರೂ ನೆನಪಾಗಲಿಲ್ಲ.

ಆಗ ಮೇಲಿನಿಂದ "ಓ" ಎಂದು ಕೇಳಿತು.

ಗಿಡ ಸರಿಸಿ ಅವಳು ಬಂದಳು. ತಲೆಯ ಮೇಲೆ ಬುಟ್ಟಿಯಿಲ್ಲ, ಕೂದಲು ಬಿಚ್ಚಿತ್ತು. ಅವಳ ಮುಖದಲ್ಲೊಂದು ನಗುವಿತ್ತು, ಮದುಮಗಳ ನಗು. ಕೆಳಗೆ ನನ್ನನ್ನು ಕಂಡಳು. ನಗು ಆರಿಹೋಯಿತು. ಆ ಒಂದು ಗಳಿಗೆ ಅವಳು ತಿರುಗಿ ಹೋಗಿಬಿಡುತ್ತಾಳೆ ಎಂದೇ ಅನಿಸಿತು.

ಹೋಗಲಿಲ್ಲ. ಮರಕ್ಕೊಂದು ಕೈ ಸುತ್ತಿ, ಸೆರಗನ್ನು ಹಗ್ಗದಂತೆ ಹುರಿಮಾಡಿ ಇಳಿಬಿಟ್ಟು, ನನ್ನನ್ನು ಎಳೆದುಕೊಂಡಳು. ಅವಳನ್ನು ತಬ್ಬಿಕೊಂಡು ಅತ್ತೆ. ಅವಳ ಕುತ್ತಿಗೆಯಿಂದ ಒಣಸೀಗಡಿಯ ವಾಸನೆ ಬರುತ್ತಿತ್ತು. ಅವಳ ಕಣ್ಣು ನನ್ನ ಹೆಗಲಾಚೆ ಕಡಲಿನ ಕಡೆಗಿತ್ತು.

"ಎರಡೇ ಸಲ ಕರದ್ರಿ ನೀವು" ಎಂದಳು. ದೂರು ಹೇಳಿದ ಹಾಗಿತ್ತು. "ನಮ್ಮನೆಯವ್ರೇ ಅಂದ್ಕಂಡೆ. ಕರದ್ರೆ ಹೋಗ್ಬಿಡುದೇ ಅಂತ ಬಂದೆ."

ಸ್ವಲ್ಪ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ಆತು, ಏಳಿ. ಶಾಲಿಗೆ ಹೊತ್ತಾತು" ಎಂದಳು.

ಆಮೇಲೆ ಅವಳು ಆ ದಾರಿ ಹಿಡಿಯಲಿಲ್ಲ. ನಾನು ವರ್ಗ ಮಾಡಿಸಿಕೊಂಡು ಭಟ್ಕಳಕ್ಕೆ ಹೋದೆ. ಕೆಲವು ವರ್ಷಗಳ ಮೇಲೆ, ಅವಳು ಜ್ವರ ಬಂದು ಮನೆಯಲ್ಲೇ ತೀರಿಕೊಂಡಳೆಂದು ಯಾರೋ ಹೇಳಿದರು. ನನ್ನ ಜೀವ ಉಳಿಸಿದವಳು. ಕೊನೆಗೊಮ್ಮೆ ಹೋಗಿ ನೋಡಲೂ ಆಗಲಿಲ್ಲ.

ಇಷ್ಟು ವರ್ಷ ನನ್ನ ಕನಸಿನಲ್ಲಿ ಬಂದು ಹೆದರಿಸಿದ್ದು ಕೆಳಗಿನ ಆ ಕಲ್ಲು, ಆ ನೊರೆ. ನಮ್ಮನೆಯವರು ಹೋಗಿ ಎರಡು ಮಳೆಗಾಲ ಕಳೆಯಿತು. ಈಗ ಕಲ್ಲು, ನೊರೆ ಕನಸಿನಲ್ಲಿ ಬರುವುದಿಲ್ಲ. ಆ ಮದುಮಗಳ ನಗು ಬರುತ್ತದೆ... ಎಚ್ಚರವಾಗಿ, ಕಿವಿಗೊಟ್ಟು ಕೂರುತ್ತೇನೆ. ಅವರು ಒಂದು ಸಲ ಕರೆದರೆ ಸಾಕು, ನಾನು ಓ ಅಂದುಬಿಡುತ್ತೇನೆ.