ಪರಾತದ ಸದ್ದು ನಿಂತ ಮೂಲೆ

ಕಬ್ಬು ಉರಿಯುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ದೂರದಿಂದ ಕೇಳಿದರೆ ಜೋರು ಮಳೆ ಬಂದ ಹಾಗಿರುತ್ತದೆ. ಹತ್ತಿರ ಹೋದರೆ ಆ ಮಳೆಯೊಳಗೇ ಕಬ್ಬಿನ ಗಣಿಕೆಗಳು ಚಟ್ ಚಟ್ ಎಂದು ಒಡೆಯುವುದು ಕೇಳುತ್ತದೆ. ಹೋದ ವರ್ಷ ನನ್ನ ಮೊದಲ ಸಿನಿಮಾಕ್ಕೆ ಧ್ವನಿ ಕೂಡಿಸುವ ಕೆಲಸ ನಡೆದಿತ್ತು. ನಮ್ಮ ಧ್ವನಿಯ ಕೆಲಸದ ಗೆಳೆಯ ರಾಯಬಾಗದ ಕಡೆ ಎರಡು ದಿನ ಹೊಲ ಹೊಲ ಅಲೆದು ಆ ಸದ್ದನ್ನು ಹಿಡಿದುಕೊಂಡು ಬಂದಿದ್ದ. "ಕೇಳ್ರಿ ಮೇಡಂ, ಎಷ್ಟ್ ಚಲೋ ಬಂದೈತಿ" ಎನ್ನುತ್ತ ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ಅರ್ಧ ನಿಮಿಷವೂ ಕೇಳಲಾಗಲಿಲ್ಲ. ತೆಗೆದು ಮೇಜಿನ ಮೇಲಿಟ್ಟು, ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಬೆಲ್ಲದ ಪಾಕ ತಳ ಹಿಡಿದಾಗ ಬರುವ ಸಿಹಿ ಕಮಟು ವಾಸನೆ ಆ ತಣ್ಣನೆಯ ಕೋಣೆಯಲ್ಲಿ ನನ್ನ ಮೂಗಿಗೆ ಅಡರಿತ್ತು. ಸದ್ದಿಗೆ ವಾಸನೆ ಇರುವುದಿಲ್ಲ ಎಂದು ಗೊತ್ತು. ಆದರೂ ಬಂದಿತ್ತು.

ಈ ಸಿನಿಮಾಕ್ಕೆ ಪ್ರೇರಣೆ ಏನು ಎಂದು ಹೋದಲ್ಲೆಲ್ಲ ಕೇಳುತ್ತಾರೆ. ನನ್ನ ಹತ್ತಿರ ಒಂದು ತಯಾರಿ ಉತ್ತರವಿದೆ. ಕಬ್ಬಿನ ಹಂಗಾಮು ಶುರುವಾಯಿತೆಂದರೆ ಚಿಕ್ಕೋಡಿಯಿಂದ ಅಥಣಿಯವರೆಗೆ ಆಕಾಶದಿಂದ ಸುಟ್ಟ ಎಲೆಯ ಕರಿ ಎಳೆಗಳು ಉದುರುತ್ತವೆ, ಒಣಹಾಕಿದ ಬಟ್ಟೆಯ ಮೇಲೆ, ಹಾಲಿನ ಪಾತ್ರೆಯಲ್ಲಿ, ಮಕ್ಕಳ ತಲೆಯ ಮೇಲೆ. ಬೆಂಕಿ ಹಾಯ್ದ ನೆಲದಲ್ಲಿ ಎರೆಹುಳು ಉಳಿಯುವುದಿಲ್ಲ, ಹಕ್ಕಿ ಗೂಡು ಉಳಿಯುವುದಿಲ್ಲ. ಇದನ್ನೆಲ್ಲ ನೋಡಿ ಬೆಳೆದೆ ಎನ್ನುತ್ತೇನೆ. ಒಂದಕ್ಷರವೂ ಸುಳ್ಳಲ್ಲ. ಜನ ತಲೆಯಾಡಿಸುತ್ತಾರೆ, ಚಹಾ ಕೊಡುತ್ತಾರೆ, ಎರಡನೇ ಪ್ರಶ್ನೆ ಯಾರೂ ಕೇಳುವುದಿಲ್ಲ. ಆದರೆ ಬೂದಿ ನೋಡಿ ಯಾರಾದರೂ ಸಿನಿಮಾ ಮಾಡುತ್ತಾರೆಯೇ? ನಾನು ಮಾಡಿದ್ದು ಹೆದರಿಕೆಗೆ. ಹತ್ತು ವರ್ಷದವಳಿದ್ದಾಗ ಹೊಕ್ಕ ಹೆದರಿಕೆ ಅದು, ಇನ್ನೂ ಹೋಗಿಲ್ಲ.

ಕಾಗವಾಡದಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ ಇತ್ತು. ಈಗ ಇಲ್ಲ. ಒಂದು ವರ್ಷ ಹೊಳೆ ಏರಿ ಬಂದು ಪಡಸಾಲಿಯಲ್ಲಿ ನಾಲ್ಕು ದಿನ ನಿಂತಿತು, ಮಣ್ಣಿನ ಗೋಡೆಗಳು ನೆನೆದು ಕುಸಿದವು, ಕಾಕಾ ರಸ್ತೆಯ ಬದಿಗೆ ಸ್ಲ್ಯಾಬಿನ ಮನೆ ಕಟ್ಟಿಕೊಂಡ. ಹಳೆಯ ಮನೆಯ ಜಾಗದಲ್ಲೂ ಈಗ ಕಬ್ಬೇ. ಅಪ್ಪ ಅವ್ವ ಇಬ್ಬರೂ ಚಿಕ್ಕೋಡಿಯಲ್ಲಿ ನೌಕರಿ ಮಾಡುತ್ತಿದ್ದರು, ನಾನು ಐದನೇ ಇಯತ್ತೆಯವರೆಗೆ ಕಾಕಾನ ಮನೆಯಲ್ಲಿ ಆಯಿಯ ಹತ್ತಿರ ಬೆಳೆದೆ. ಆಯಿ ಎಂದರೆ ಅಪ್ಪನ ತಾಯಿ, ಕಾಕಾ ಅಪ್ಪನ ತಮ್ಮ. ಆ ಮನೆಗೆ ಹಿಂಡಿ ನೆನೆಸಿದ ಬಕೆಟ್ಟಿನ, ಕಾದ ಹಂಚಿನ, ಆಯಿಯ ಸೆರಗಿನಲ್ಲಿ ಕಟ್ಟಿದ ತಂಬಾಕಿನ ವಾಸನೆ ಇತ್ತು. ಚಹಾಕ್ಕೆ ಸಕ್ಕರೆ ಹಾಕುವಾಗ ಆಯಿಯ ಕೈ ಬಿಗಿ, ಬೈಗುಳಕ್ಕೆ ಮಾತ್ರ ಧಾರಾಳ. ಮೂರು ಎಕರೆ ಕಬ್ಬಿನ ನಡುವೆ ಕುಳಿತು ಸಕ್ಕರೆ ಉಳಿಸುತ್ತೀಯಲ್ಲ ಎಂದು ಕಾಕಾ ಆಡಿಕೊಂಡರೆ, "ನಿನ್ನ ನಾಲಗಿ ಸಿಹಿ ಆಗಲಿ ಮೊದಲ" ಎನ್ನುತ್ತಿದ್ದಳು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಕಣ್ಣು ಮುಚ್ಚಿದರೆ ಬಾಗಿಲ ಚಿಲಕ ಎಷ್ಟು ಎತ್ತರದಲ್ಲಿತ್ತು ಎಂಬುದು ಕೈಗೇ ನೆನಪಾಗುತ್ತದೆ.

ಕಬ್ಬಿಗೆ ಬೆಂಕಿ ಹಚ್ಚುವುದು ನಮ್ಮ ಕಡೆ ಹೊಸದಲ್ಲ. ರವದಿ, ಎಂದರೆ ಒಣಗಿದ ಎಲೆ, ಸುಟ್ಟು ಹೋದರೆ ಕಡಿಯುವವರಿಗೆ ಕೈಗೆ ಎಲೆ ತರಚುವುದಿಲ್ಲ, ಕೆಲಸ ಲಗು ಆಗುತ್ತದೆ. ಬೇಡ ಎಂದು ಆಯಿ ಹೇಳಿ ಹೇಳಿ ಸೋತಿದ್ದಳು. ಸೋತ ಮೇಲೆ ತನ್ನದೊಂದು ಕಟ್ಟಳೆ ಮಾಡಿದಳು. ಬೆಂಕಿ ಹಚ್ಚುವ ಮೊದಲು ಹಿಟ್ಟು ನಾದುವ ಹಿತ್ತಾಳೆ ಪರಾತವನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಸೌಟಿನಿಂದ ಬಾರಿಸುತ್ತ, ಹೊಲದ ನಾಲ್ಕೂ ಬದುವಿನ ಮೇಲೆ ಒಂದು ಪೂರ್ತಿ ಸುತ್ತು ಬರುತ್ತಿದ್ದಳು. "ಮೊಲಾ, ಮುಂಗಲಿ, ಹಾವು, ಹಕ್ಕಿ, ಎಲ್ಲಾರೂ ಎದ್ದು ಬರ್ರ್ಯೋ, ಬೆಂಕಿ ಬರತೈತಿ! ಹಳ್ಳದ ಕಡೆ ಹಾದಿ ಬಿಟ್ಟೀವಿ!" ಎಂದು ಕೂಗುತ್ತಿದ್ದಳು. ಸುತ್ತು ಮುಗಿಸಿ ಬಂದು ಬೆವರು ಒರೆಸಿಕೊಂಡ ಮೇಲೆಯೇ ಕಾಕಾ ಮೂರು ಬದಿಗೆ ಬೆಂಕಿ ಇಡಬೇಕು. ನಾಲ್ಕನೆಯದು, ಹಳ್ಳದ ಬದಿ, ಬಿಡಬೇಕು. ಊರಿನವರು ನಗುತ್ತಿದ್ದರು. ಆದರೆ ಮೊಲಗಳು ಹಳ್ಳಕ್ಕೆ ಜಿಗಿದು ಹೋಗುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಆ ವರ್ಷ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಪಡಸಾಲಿಯ ಹೊರಸಿನ ಮೇಲೆ ಮಲಗಿಯೇ ಮನೆ ನಡೆಸುತ್ತಿದ್ದಳು. ಅದೇ ಹೊತ್ತಿಗೆ ಕಬ್ಬು ಕಡಿಯುವ ಟೋಳಿ ಬಂತು. ಮಹಾರಾಷ್ಟ್ರದ ಬೀಡ ಕಡೆಯ ಮರಾಠಿ ಜನ, ನಮ್ಮ ಹೊಲದ ಅಂಚಿಗೇ ಗುಡಿಸಲು ಹಾಕಿಕೊಂಡರು. ಅವರಲ್ಲೊಬ್ಬಳ ಮಗಳು ಮಂದಾ. ನನಗಿಂತ ಒಂದೆರಡು ವರ್ಷ ಚಿಕ್ಕವಳು. ನನಗೆ ಅರ್ಧ ಮರಾಠಿ, ಅವಳಿಗೆ ಕಾಲು ಕನ್ನಡ, ಆಟಕ್ಕೆ ಅಷ್ಟು ಸಾಕಾಗಿತ್ತು. ಹಳ್ಳದ ಬದಿಯ ಕಬ್ಬಿನೊಳಗೆ ಮೊಲವೊಂದು ಮರಿ ಹಾಕಿರುವುದನ್ನು ಅವಳೇ ಕಂಡುಹಿಡಿದಳು. ಮೂರು ಮರಿ. ನಾಳೆ ಬೆಂಕಿ ಹಚ್ಚಿದರೆ ಇವು ಏನಾಗಬೇಕು ಎಂದು ಕಣ್ಣು ತುಂಬಿಕೊಂಡಳು. ನಾನು ದೊಡ್ಡಸ್ತಿಕೆಯಿಂದ ನಕ್ಕೆ. ನಮ್ಮ ಮನೆಯಲ್ಲಿ ಹಾಗೆಲ್ಲ ಸುಡುವುದಿಲ್ಲ, ಮೊದಲು ಪರಾತ ಬಾರಿಸುತ್ತೇವೆ, ಬಾರಿಸಿದ ಕೂಡಲೇ ತಾಯಿ ಮೊಲ ಮರಿಗಳನ್ನು ಎಬ್ಬಿಸಿಕೊಂಡು ಹೊರಗೆ ಬರುತ್ತದೆ ಎಂದೆ. ಅವಳು ಬಾಯಿ ತೆರೆದು ಕೇಳಿದಳು. ತಾಯಿ ಮೊಲ ಮರಿಗಳನ್ನು ಎಬ್ಬಿಸುವುದನ್ನು ನಾನೇನೂ ನೋಡಿರಲಿಲ್ಲ, ಆದರೆ ಅವಳು ಹಾಗೆ ಕೇಳುತ್ತಿದ್ದರೆ ಹೇಳದೆ ಇರುವುದು ಹೇಗೆ?

ಮರುದಿನ ಮಧ್ಯಾಹ್ನ ಕಾಕಾ ಚಿಂದಿಗೆ ಸೀಮೆಎಣ್ಣೆ ಸುರಿಯುತ್ತ ನನ್ನನ್ನು ಕರೆದ. "ಸುಮೀ, ಈ ಸಲ ಆಯಿ ಬದಲಿ ನೀ ಹೋಗವಾ. ಒಂದ್ ಸುತ್ತ ಹಾಕಿ ಲಗೂ ಬಾ, ಗಾಳಿ ತಿರಗಾಕತ್ತೈತಿ." ಒಳಗಿನಿಂದ ಆಯಿ, "ಪೂರ್ತಿ ಸುತ್ತಬೇಕ ಮತ್ತ" ಎಂದಳು. ನಾನು ಪರಾತ ಹಿಡಿದು ಹೆಮ್ಮೆಯಿಂದಲೇ ಹೊರಟೆ. ಮೊದಲ ಬದುವು ಮನೆಯ ಎದುರಿಗೇ ಇತ್ತು. ಆಯಿಯ ಹಾಗೆಯೇ ಕೂಗುತ್ತ, ಬಾರಿಸುತ್ತ, ಬನ್ನಿಗಿಡದ ಮೂಲೆಯವರೆಗೆ ಹೋದೆ. ಅಲ್ಲಿ ತಿರುಗಿದರೆ ಎರಡನೇ ಬದುವು. ಒಂದು ಮಗ್ಗಲು ನಮ್ಮ ಕಬ್ಬು, ಇನ್ನೊಂದು ಮಗ್ಗಲು ಪಕ್ಕದವರ ಕಬ್ಬು, ಎರಡೂ ಆಳೆತ್ತರ ಮೀರಿ ಮೇಲೆ ಕೂಡಿಕೊಂಡಿದ್ದವು. ಒಳಗೆ ಹಗಲಲ್ಲೇ ಮಬ್ಬು. ಆ ವಾರವಿಡೀ ಟೋಳಿಯವರು ಚಿರತೆಯ ಹೆಜ್ಜೆ ಕಂಡಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ನಾನು ಅಲ್ಲಿ ನಿಂತೆ. ಗಾಳಿಗೆ ರವದಿ ಸರ್ರೆಂದಿತು. ಗಾಳಿ ನಿಂತಿತು. ಮತ್ತೆ ಸರ್ರೆಂದಿತು. ಗಾಳಿ ಇಲ್ಲದೆ ಅದು ಹೇಗೆ ಸರ್ರೆಂದಿತು ಎಂದು ಇಂದಿಗೂ ಯೋಚಿಸುತ್ತೇನೆ. ಪರಾತವನ್ನು ಎದೆಗವಚಿಕೊಂಡು, ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬನ್ನಿಗಿಡದ ಬುಡದಲ್ಲಿ ಕುಳಿತು, ಬಂದ ಹಾದಿಯಲ್ಲೇ ಸದ್ದಿಲ್ಲದೆ ಮರಳಿದೆ. ಕಾಕಾ ಬೆನ್ನು ಹಾಕಿ ನಿಂತಿದ್ದ. "ಸುತ್ತ ಹಾಕಿದ್ಯಾ?" ಎಂದು ತಿರುಗದೆಯೇ ಕೇಳಿದ. "ಹಾಕೀನಿ ಕಾಕಾ" ಎಂದೆ.

ಮೂರು ಬದಿಗೂ ಬೆಂಕಿ ಹತ್ತಿತು. ಕಬ್ಬಿನ ಬೆಂಕಿ ಹುಲ್ಲಿನ ಬೆಂಕಿಯಲ್ಲ, ಎದ್ದರೆ ತೆಂಗಿನ ಮರದೆತ್ತರ ಏಳುತ್ತದೆ. ಕರಿ ಎಳೆಗಳು ಮೇಲೇರಿ ಬಿಸಿಲನ್ನು ಮುಚ್ಚಿದವು. ಆಗ ಗುಡಿಸಲುಗಳ ಕಡೆಯಿಂದ ಒಂದು ಹೆಣ್ಣು ದನಿ ಕೇಳಿತು. "ಮಂದೇ... ಅಗಂ ಮಂದೇ!" ಮೊದಲು ಊಟಕ್ಕೆ ಕರೆದ ಹಾಗಿತ್ತು. ಎರಡನೇ ಸಲ ಬೇರೆಯಾಯಿತು. ಮೂರನೇ ಸಲ ಆ ಕೂಗು ಬೆಂಕಿಯ ಸದ್ದನ್ನೂ ಸೀಳಿಕೊಂಡು ಬಂತು. ಕಾಕಾ ಕೈಯಲ್ಲಿದ್ದುದನ್ನು ಎಸೆದು ಹಳ್ಳದ ಕಡೆ ಓಡಿದ, ಗಂಡಸರೆಲ್ಲ ಓಡಿದರು. ಅವಳು ಎಲ್ಲಿದ್ದಾಳೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ದೇವರೇ, ಅವಳು ಬರಲಿ, ಅವಳೊಬ್ಬಳು ಹೊರಗೆ ಬರಲಿ ಎಂದು ಅಂಗಳದ ಕಟ್ಟೆ ಹಿಡಿದುಕೊಂಡು ನಿಂತೆ. ಉಚ್ಚೆ ಹೋಗಿ ಕಾಲು ಒದ್ದೆಯಾದದ್ದು ಆಮೇಲೆ ತಿಳಿಯಿತು.

ಬಂದಳು. ಹಳ್ಳದ ಬದಿಯಿಂದಲೇ ಉರುಳಿಕೊಂಡು ಕೆಸರಿಗೆ ಬಿದ್ದಳಂತೆ. ಕಾಕಾ ಎತ್ತಿಕೊಂಡು ಬಂದಾಗ ನಾನು ನೋಡಿದೆ. ಹುಬ್ಬು ಸುಟ್ಟಿದ್ದವು, ಮೊಣಕಾಲಿನ ಕೆಳಗೆ ಚರ್ಮ ಬೆಳ್ಳಗೆ ಸುಲಿದಿತ್ತು. ಅಳುತ್ತಿರಲಿಲ್ಲ. ತಾಯಿಯ ಮುಖ ನೋಡಿ ಒಂದೇ ಮಾತು ಹೇಳಿದಳು. "ಪರಾತ ವಾಜಲೀಚ ನಾಯ್." ಪರಾತ ಬಾರಿಸಲೇ ಇಲ್ಲ. ಮೊಲದ ಪಕ್ಕ ಕುಳಿತು ಕಾಯುತ್ತಿದ್ದಳಂತೆ. ಉರಿಯುವ ಸದ್ದು ಕೇಳಿಸಿತ್ತಂತೆ, ಆದರೆ ಪರಾತ ಇನ್ನೂ ಆಗಿಲ್ಲ, ಇದು ಬೇರೆಯವರ ಹೊಲದ ಬೆಂಕಿ ಎಂದುಕೊಂಡಳಂತೆ. ಕಾಕಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಏ, ಬಾರಿಸ್ಯಾಳ, ನಮ್ಮ ಹುಡುಗಿ ಬಾರಿಸ್ಯಾಳ! ನನ್ನ ಕಿವೀಲೇ ಕೇಳೀನಿ" ಎಂದ. ಅವನು ಕೇಳಿದ್ದೂ ನಿಜವೇ, ಮೊದಲ ಮೂಲೆಯವರೆಗೆ. ತಿರುಗಿದ ಗಾಳಿಗೆ ಆ ಸದ್ದು ಹಿಂದಿನ ಹಳ್ಳದ ಬದಿಗೆ ಮುಟ್ಟಿರಲಿಲ್ಲ. ಮಂದಾಳ ತಾಯಿ ಸುಟ್ಟ ಮಗಳ ಕೆನ್ನೆಗೆ ಫಟ್ ಎಂದು ಹೊಡೆದಳು, ಸುಳ್ಳು ಹೇಳಿದ್ದಕ್ಕೆ. ಆಮೇಲೆ ಕಾಕಾನ ಕಾಲು ಮುಟ್ಟಲು ಬಗ್ಗಿದಳು. "ಚೂಕ ಆತ್ರಿ ಮಾಲಕ, ಪೋರಿ ಲೈ ಖೋಡಿ ಐತಿ" ಎಂದಳು. ತಪ್ಪಾಯಿತು, ಹುಡುಗಿ ಬಹಳ ತುಂಟಿ ಎಂದು ಅಳುತ್ತ, ಬಂದಷ್ಟು ನಮ್ಮ ಭಾಷೆ ಬೆರೆಸಿ ಕ್ಷಮೆ ಕೇಳಿದಳು. ಮಂದಾ ನನ್ನನ್ನು ನೋಡುತ್ತಿದ್ದಳು. ನಾನು ಒಳಗೆ ಹೋಗಿ ಪರಾತವನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ.

ಕಾಕಾ ಅವಳನ್ನು ಮೋಟರ್ ಸೈಕಲ್ ಮೇಲೆ ಕಾಗವಾಡದ ಡಾಕ್ಟರ ಹತ್ತಿರ ಕರೆದೊಯ್ದ, ದಿನವೂ ಹಾಲು ಕಳಿಸಿದ. ಕೆಟ್ಟವನಲ್ಲ ಅವನು. ಟೋಳಿಯವರು ಕಬ್ಬು ಕಡಿಯುವಾಗ ಹಳ್ಳದ ಬದಿಯ ಬೂದಿಯಲ್ಲಿ ಮೂರು ಕರಿ ಉಂಡೆ ಸಿಕ್ಕವೆಂದು ಯಾರೋ ಹೇಳಿದರು. ಆರು ದಿನ ಮಂದಾ ಕಾಲಿಗೆ ಪಟ್ಟಿ ಸುತ್ತಿಕೊಂಡು ಗುಡಿಸಲ ಮುಂದೆ ಕುಳಿತಿದ್ದಳು. ನಾನು ಶಾಲೆಗೆ ಸುತ್ತುಹಾದಿ ಹಿಡಿದು ಹೋದೆ. ಏಳನೇ ದಿನ ಗಾಡಿಗಳು ಬೇರೆ ಊರಿನ ಕಡೆ ಹೊರಟವು. ನೆರಿಕೆಯ ಸಂದಿನಿಂದ ನೋಡಿದೆ. ಗಾಡಿಯ ಮೇಲಿನ ಗಂಟುಗಳ ನಡುವೆ ಅವಳ ಬಿಳಿ ಪಟ್ಟಿಯಷ್ಟೇ ಕಂಡಿತು.

ಆವತ್ತು ಸಂಜೆ ಆಯಿಯ ಹೊರಸಿನ ಹತ್ತಿರ ಕುಳಿತು, "ಆಯಿ, ನಾ ಪೂರ್ತಿ ಸುತ್ತ ಹಾಕಿದ್ದಿಲ್ಲ" ಎಂದೆ. ಬೈಯುತ್ತಾಳೆ, ಬೈದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಯಿ ಜಂತಿ ನೋಡುತ್ತ ಮಲಗಿದ್ದಳು.

"ಗೊತ್ತೈತಿ" ಎಂದಳು. "ಹಿಂದಿನ ಬದುವಿಗೆ ಹೋದಾಗ ಸದ್ದು ಸಣ್ಣಗಾಗತೈತಿ, ಈ ಕಡೆ ಬರತಾ ಮತ್ತ ದೊಡ್ಡದಾಗತೈತಿ. ಅವತ್ತ ಮೂಲಿಗೆ ಹೋಗಿ ನಿಂತ ಬಿಡ್ತು."

"ಮತ್ತ ಯಾಕ ಕೂಗಲಿಲ್ಲ ಆಯಿ?"

ಆಯಿ ಸೆರಗಿನ ತಂಬಾಕಿನ ಗಂಟು ಬಿಚ್ಚಿ ಮತ್ತೆ ಕಟ್ಟಿದಳು. "ಒಂದ್ ಸಲ ಆಗಲಿ ಬಿಡು ಅಂದೆ. ಕೂಸು ಹೆದರೇತಿ, ನಿಮ್ಮ ಕಾಕಾ ಬೈತಾನ ಅಂತ ಬಾಯಿ ಮುಚ್ಚಿಕೊಂಡೆ." ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. "ಆ ಹುಡುಗಿ ಕಪಾಳಕ್ಕ ಬಿದ್ದದ್ದೂ ಕೇಳತು. ಆವಾಗರ ಕೂಗಬೇಕಾಗಿತ್ತು. ಆಗೂ ಕೂಗಲಿಲ್ಲ."

ಆಯಿ ಮುಂದಿನ ಮಳೆಗಾಲ ನೋಡಲಿಲ್ಲ. ಕೊನೆಯ ದಿನಗಳಲ್ಲಿ ಬಂದವರನ್ನೆಲ್ಲ, "ಒಳಗ ಯಾರರ ಅದಾರೇನು ನೋಡ್ರಿ" ಎಂದು ಕೇಳುತ್ತಿದ್ದಳು. ಮುದುಕಿಗೆ ಭ್ರಮೆ ಎಂದು ಎಲ್ಲರೂ ಯಾರೂ ಇಲ್ಲ, ಮಲಗು ಎನ್ನುತ್ತಿದ್ದರು. ಒಳಗೆ ಎಂದರೆ ಕಬ್ಬಿನೊಳಗೆ ಎಂದು ನನಗೆ ಗೊತ್ತಿತ್ತು, ಆ ಪ್ರಶ್ನೆ ಕೇಳಿಸಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ನನ್ನನ್ನು ಎಂದೂ ಬೈಯಲಿಲ್ಲ ಅವಳು. ಬೈದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಸಿನಿಮಾದಲ್ಲಿ ಒಬ್ಬ ಹುಡುಗಿ ಪರಾತ ಬಾರಿಸುತ್ತ ಉರಿಯಲಿರುವ ಹೊಲದ ಸುತ್ತ ನಡೆಯುತ್ತಾಳೆ. ನಾಲ್ಕೂ ಬದುವು ನಡೆಯುತ್ತಾಳೆ, ಒಂದನ್ನೂ ಬಿಡದೆ. ಹಳ್ಳದ ಕಡೆ ಮೊಲಗಳು ಜಿಗಿಯುತ್ತವೆ, ಹಿಂದೆಯೇ ಇನ್ನೊಬ್ಬ ಹುಡುಗಿ ನಗುತ್ತ ಹೊರಗೆ ಬರುತ್ತಾಳೆ. ನೋಡಿದವರೆಲ್ಲ ಹೊಗಳುವುದು ಇದೇ ಭಾಗವನ್ನು. ಎಷ್ಟು ಸತ್ಯವಾಗಿದೆ, ಕಂಡು ಉಂಡವರೇ ಮಾಡಿದ ಹಾಗಿದೆ ಎನ್ನುತ್ತಾರೆ. ಅದನ್ನು ಬರೆಯುವಾಗ ಆಯಿಗಾಗಿ ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇಡೀ ಸಿನಿಮಾದಲ್ಲಿರುವ ಸುಳ್ಳು ಅದೊಂದೇ.

ಈಗ ಸಿನಿಮಾ ಮೊಬೈಲಿನಲ್ಲೂ ಸಿಗುತ್ತದಂತೆ, ತೆರೆಯ ಕೆಳಗೆ ಮರಾಠಿ ಅಕ್ಷರಗಳೊಂದಿಗೆ. ಕಬ್ಬು ಕಡಿಯುವವರ ಗುಡಿಸಲುಗಳಲ್ಲೂ ಮೊಬೈಲುಗಳಿವೆ. ಮಂದಾ ಎಲ್ಲಿದ್ದಾಳೆ, ಹೇಗೆ ನಡೆಯುತ್ತಾಳೆ, ನನಗೆ ಗೊತ್ತಿಲ್ಲ. ಒಂದು ದಿನ ಕೆಲಸ ಮುಗಿಸಿ ಕುಳಿತು ಅವಳು ಇದನ್ನು ನೋಡುತ್ತಾಳೆ ಎಂದು ನೆನೆದರೆ ನನಗೆ ಇಂದಿಗೂ ಆ ಬನ್ನಿಗಿಡದ ಮೂಲೆಯ ಹೆದರಿಕೆಯೇ ಬರುತ್ತದೆ. ಹೀಗಾಗಿರಲಿಲ್ಲ ಎಂದು ಪಕ್ಕದವರಿಗೆ ಹೇಳುತ್ತಾಳೆ, ಅವರು ನಂಬುವುದಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ. ಮಂದಾ ಹೇಳಿದ್ದು ನಿಜ. ಆ ದಿನ ಹಳ್ಳದ ಬದಿಗೆ ಯಾರೂ ಬಂದಿರಲಿಲ್ಲ.