ಅತ್ತೆ ಎತ್ತಿಕೊಂಡ ಸಾಲು

ನನ್ನ ಹತ್ತಿರ ಒಬ್ಬರೇ ಹಾಡುಗಾರ್ತಿಯ ಎರಡು ಕ್ಯಾಸೆಟ್‌ಗಳಿವೆ. ಒಂದು ಬೆಂಗಳೂರಿನ ಸ್ಟುಡಿಯೋದಲ್ಲಿ ತಬಲ, ಪಿಟೀಲು ಇಟ್ಟು ಮಾಡಿದ್ದು. ಇನ್ನೊಂದು ಅದಕ್ಕೂ ಮೊದಲು, ಎಂಬತ್ತರ ದಶಕದ ಶುರುವಿನಲ್ಲಿ, ಕಳ್ಳಂಬೆಳ್ಳದ ಹತ್ತಿರದ ನಮ್ಮೂರ ಶಾಲೆಯ ಜಗಲಿಯಲ್ಲಿ ಜನರ ನಡುವೆಯೇ ಟೇಪು ಮಾಡಿದ್ದು. ಸ್ಟುಡಿಯೋದ್ದೇ ಚೆನ್ನ ಎನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಜಗಲಿಯ ಟೇಪಿನಲ್ಲಿ ಮಗು ಅಳುತ್ತದೆ, ಶಿರಾ ಬಸ್ಸು ಹಾರನ್ ಹೊಡೆಯುತ್ತದೆ, ಯಾರೋ ಎಲೆಅಡಿಕೆ ಕೇಳುತ್ತಾರೆ. ಅಳಲಿ, ಕೇಳಲಿ! ನಾನು ಮೂರು ಹೊತ್ತು ಉಣ್ಣುತ್ತಿರುವುದು ಆ ಗಲಾಟೆಯ ಪುಣ್ಯದಿಂದ.

ಹಾಡುಗಾರ್ತಿ ಪಾವಗಡದ ಕಡೆಯವರು. ರಾಗಿ ಬೀಸುವ ಹಾಡಿನ ಧಾಟಿಗೆ ತಾವೇ ಪದ ಕಟ್ಟುತ್ತಿದ್ದರು. ಕುಡಿದು ಬಂದು ಹೊಡೆಯುವ ಗಂಡ, ಹೆಣ್ಣು ಹುಟ್ಟಿತೆಂದು ಮುಖ ತಿರುಗಿಸುವ ಅಜ್ಜಿ, ಹೆಂಗಸಿನ ಕೂಲಿಯಲ್ಲಿ ಕಾಸು ಹಿಡಿದುಕೊಳ್ಳುವ ಜಮೀನ್ದಾರ, ಯಾರನ್ನೂ ಬಿಡುತ್ತಿರಲಿಲ್ಲ. ನಮ್ಮೂರ ಮಹಿಳಾ ಸಮಾಜದವರು ಅವರನ್ನು ಕರೆಸಿ, ಶಿರಾದ ಕ್ಯಾಸೆಟ್ ಅಂಗಡಿಯಿಂದ ಟೇಪ್ ರೆಕಾರ್ಡರನ್ನೂ ತರಿಸಿದ್ದರು.

ಆಗ ನನಗೆ ಮದುವೆಯಾಗಿ ವರ್ಷವಾಗಿತ್ತು. ಕೊರಟಗೆರೆಯಲ್ಲಿ ನನ್ನಪ್ಪ ಓದಿಸಿ ಕಳಿಸಿದ್ದಕ್ಕೆ ಮಧುಗಿರಿಯಲ್ಲಿ ಟೀಚರ್ ಟ್ರೈನಿಂಗ್ ಸೀಟು ಸಿಕ್ಕಿತ್ತು. ಎರಡು ವರ್ಷ ಹಾಸ್ಟೆಲಿನಲ್ಲಿರಬೇಕು. ಸೇರಲು ಒಂದು ತಿಂಗಳಷ್ಟೇ ಉಳಿದಿತ್ತು. ಮಾವ, "ಸೊಸೆ ಹಾಸ್ಟೆಲ್ನಾಗಿರೋದಾ? ಆಗಾಕಿಲ್ಲ" ಎಂದವರೇ ಕುರಿ ಹೊಡೆದುಕೊಂಡು ಊರೂರು ಸುತ್ತಲು ಹೊರಟುಬಿಟ್ಟರು. ಗಂಡ ಅಪ್ಪನ ಮಾತಿಗೆ ತಲೆಯಾಡಿಸಿದರು. ಅತ್ತೆಯೂ, "ನೀನು ಅಲ್ ಹೋಗಿ ಕುಂತ್ಕಂಡ್ರೆ ಇಲ್ಲಿ ಮುದ್ದೆ ತಿರುವೋರ್ಯಾರಮ್ಮ?" ಎಂದರು. ನಾನು ಮೂರು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಸಿಟ್ಟು ಮೊದಲಿಂದಲೂ ನನಗೆ ಮೂಗಿನ ತುದಿಯಲ್ಲೇ.

ನಮ್ಮ ಕಡೆ ಒಂದು ಪದ್ಧತಿ. ಒಬ್ಬರು ಹಾಡಿದ ಸಾಲನ್ನು ಕೂತವರೆಲ್ಲ ಎತ್ತಿಕೊಂಡು ತಿರುಗಿ ಹಾಡಬೇಕು. ಒಂದೊಂದು ಸಾಲೂ ಹೀಗೆ ಎರಡು ಸಲ ಬರಬೇಕು. ಎತ್ತಿಕೊಳ್ಳದೆ ಬಿಟ್ಟರೆ ಸಾಲು ಬಿದ್ದುಹೋಯಿತು ಎನ್ನುತ್ತಾರೆ, ಹಾಡಿದವರಿಗೆ ದೊಡ್ಡ ಅವಮಾನ. ಆವತ್ತು ಹೆಂಗಸರು ಎಲ್ಲವನ್ನೂ ಎತ್ತಿಕೊಂಡರು. ಗಂಡನಿಗೆ ಬೈದದ್ದನ್ನಂತೂ ಜಗಲಿ ಕಿತ್ತುಹೋಗುವ ಹಾಗೆ ಹಾಡಿದರು. ಆಮೇಲೆ ಆಕೆ ಅತ್ತೆಯಂದಿರ ಹಾಡಿಗೆ ಬಂದರು:

"ಸೊಸೆಮುದ್ದು ಓದಾಕೆ ಹೋಗಲಿ, ಒಲೆಮುಂದೆ ನಾನೇ ಕುಂತೇನು."

ಯಾರೂ ಎತ್ತಿಕೊಳ್ಳಲಿಲ್ಲ. ಅಲ್ಲಿದ್ದವರಲ್ಲಿ ಮುಕ್ಕಾಲು ಜನ ಅತ್ತೆಯಂದಿರು! ಟೇಪಿನಲ್ಲಿ ಆ ಮೌನ ಹಾಗೇ ಇದೆ, ದೂರದಲ್ಲಿ ಒಂದು ಮೇಕೆ ಕೂಗುವುದೂ ಕೇಳುತ್ತದೆ. "ಏಮಮ್ಮಾ, ಯಾರ್ಗೂ ಬಾಯಿಲ್ವಾ?" ಎಂದರು ಹಾಡುಗಾರ್ತಿ. ಆಗ ಹಿಂದಿನ ಮೂಲೆಯಿಂದ ಒಂದೇ ಒಂದು ಒಡಕು ದನಿ ಆ ಸಾಲನ್ನು ಪೂರ್ತಿ ಹಾಡಿತು. ನನ್ನ ಅತ್ತೆ! ಜಗಲಿಯೆಲ್ಲ ಹೋ ಎಂದು ನಕ್ಕಿತು.

ಮನೆಗೆ ಬಂದು, "ಅತ್ತೆ, ಹಾಡಿದ್ರಲ್ಲ, ಕಳಿಸ್ತೀರಾ?" ಎಂದೆ.

"ಅಯ್ಯೋ, ಆಯಮ್ಮ ಪಾಪ ಅಷ್ಟು ದೂರದಿಂದ ಬಂದವ್ಳೆ, ಸಾಲು ಬಿದ್ದೋಗ್ಬಾರ್ದು ಅಂತ ಎತ್ಕಂಡೆ. ಹಾಡು ಬ್ಯಾರೆ, ಮನೆ ಬ್ಯಾರೆ ಕಣಮ್ಮ."

ನಾನು ಕೈಯಲ್ಲಿದ್ದ ತಪ್ಪಲೆಯನ್ನು ಕುಕ್ಕಿ ಒಳಗೆ ಹೋಗಿ ಅತ್ತುಬಿಟ್ಟೆ.

ಆದರೆ ಕ್ಯಾಸೆಟ್ ಸುಮ್ಮನಿರಲಿಲ್ಲ. ಶಿರಾದ ಅಂಗಡಿಯವರು ಕಾಪಿ ತೆಗೆದು ಮಾರತೊಡಗಿದರು. ಬರಗೂರಿನಲ್ಲೂ ಅದೇ, ಪುರವರದಲ್ಲೂ ಅದೇ. ಸಂತೆಯಲ್ಲಿ ಬಳೆ ಮಾರುವ ಬೂಬಮ್ಮ ಅತ್ತೆಯ ದನಿ ಕೇಳಿಯೇ ಗುರುತು ಹಿಡಿದು, "ಅರೆ, ಟೇಪಿನ ಅಮ್ಮ ನೀವೇ ಅಲ್ವಾ? ಸೊಸೇನ ಕಳಿಸಿದ್ರಾ?" ಎಂದು ಕೇಳಿದಳು. ಪುರವರದ ಮದುವೆಯಲ್ಲಿ ಹತ್ತು ಜನ ಕೇಳಿದರು. ಮಾವ ಕುರಿಯ ಜೊತೆ ವಾಪಸು ಬಂದಾಗ ಅವರೂ ಯಾವುದೋ ಟೀ ಅಂಗಡಿಯಲ್ಲಿ ಕೇಳಿಕೊಂಡೇ ಬಂದಿದ್ದರು. "ಏನಿದು, ಊರೆಲ್ಲ ನಿನ್ ಹಾಡು?" ಎಂದು ರೇಗಿದರು.

"ಹಾಡ್ಬುಟ್ಟಿದೀನಿ, ಈಗೇನ್ ಮಾಡ್ಲಿ? ಕಳಿಸ್ದಿದ್ರೆ ಮಾನ ಹೋಗೋದು ನಿಂದೇ" ಎಂದು ಅತ್ತೆ ನನ್ನ ಕಡೆ ತಿರುಗಿ, "ಲೇ, ಟ್ರಂಕು ಇಳುಸ್ಕಳೇ" ಎಂದರು.

ಎರಡು ವರ್ಷ ಅವರೇ ಒಲೆ ಮುಂದೆ ಕೂತರು. ನಾನು ಟೀಚರಾದೆ. ಕ್ಯಾಸೆಟ್ಟು ಅತ್ತೆಯನ್ನು ಕಟ್ಟಿಹಾಕಿ ನನ್ನನ್ನು ಉಳಿಸಿತು ಎಂದುಕೊಂಡು ಅದನ್ನು ಸೀರೆಗಳ ನಡುವೆ ಜೋಪಾನವಾಗಿ ಇಟ್ಟುಕೊಂಡೆ.

ನನ್ನ ಸಂಬಳದಲ್ಲಿ ಟೇಪ್ ರೆಕಾರ್ಡರ್ ಕೊಂಡ ಮೇಲೆ ಒಂದು ಭಾನುವಾರ ಎರಡೂ ಕ್ಯಾಸೆಟ್ ಹಾಕಿದೆ. ಸ್ಟುಡಿಯೋದಲ್ಲಿ ಹುಡುಗಿಯರು ಆ ಸಾಲನ್ನು ತಟಕ್ಕನೆ ಎತ್ತಿಕೊಳ್ಳುತ್ತಾರೆ. ಅವರಿಗೇನು ಕಷ್ಟ, ಅವರು ಯಾವ ಸೊಸೆಯನ್ನು ಕಳಿಸಬೇಕು? ಆಮೇಲೆ ಜಗಲಿಯದ್ದು ಹಾಕಿದೆ. ಮೌನ, ಮೇಕೆ, ಅತ್ತೆಯ ದನಿ, ನಗು. ಆವತ್ತು ಜಗಲಿಯಲ್ಲೂ, ಆಮೇಲೆ ಬೇರೆಯವರ ಮನೆಯಲ್ಲಿ ಟೇಪು ಕೇಳಿದಾಗಲೂ, ಆ ನಗು ಬಂದಾಗ ನಾನೂ ನಕ್ಕು ಮುಂದಿನದು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವತ್ತು ಕೇಳಿಸಿತು. ಹಾಡುಗಾರ್ತಿ ಇನ್ನೂ ನಗುತ್ತಿದ್ದಾರೆ, ಎರಡನೆಯ ಸಲಕ್ಕೆ ಬಾಯಿ ತೆರೆದಿಲ್ಲ. ಅಷ್ಟರಲ್ಲಿ ಅತ್ತೆ ತಾವೇ ಮೊದಲು, ಟೇಪಿನ ಹತ್ತಿರ ಬಂದವರ ಹಾಗೆ ಗಟ್ಟಿಯಾಗಿ, ಅದೇ ಸಾಲನ್ನು ಶುರು ಮಾಡಿದ್ದಾರೆ.

ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಬಿದ್ದುಹೋಗುವುದಕ್ಕೆ ಅಲ್ಲಿ ಹಾಡುಗಾರ್ತಿಯ ಸಾಲೇ ಇರಲಿಲ್ಲ.

ಅತ್ತೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. "ಅತ್ತೆ, ಎರಡನೇ ಸಲ ಆಯಮ್ಮ ಹಾಡೇ ಇಲ್ವಲ್ಲ. ನೀವೇ ಶುರು ಮಾಡಿದೀರಿ!"

ಅವರು ತಲೆ ಎತ್ತಲಿಲ್ಲ. "ಇನ್ನೇನೇ ಮತ್ತೆ? ಮನೇಲಿ ಹೇಳಿದ್ರೆ ನಿಮ್ಮಾವ ಕೇಳ್ತಿದ್ನಾ? ಊರೆಲ್ಲ ಕೇಳ್ಲಿ ಅಂತ್ಲೇ ಹಾಡ್ದೆ. ನಿನ್ ಬಾಯಾಗೆ ಗುಟ್ಟು ನಿಲ್ಲಾಕಿಲ್ಲ, ಅದ್ಕೆ ನಿಂಗೂ ಹೇಳ್ಲಿಲ್ಲ."

ಇಷ್ಟು ವರ್ಷ ನಾನು ಕ್ಯಾಸೆಟ್ಟಿಗೆ ಕೈಮುಗಿದಿದ್ದೆ. ಹೋಗಿ ಅವರ ಪಕ್ಕ ಕೂತು ಅತ್ತುಬಿಟ್ಟೆ. ಅವರು ಮೊರವನ್ನು ನನ್ನ ಕಡೆಗೂ ಸ್ವಲ್ಪ ತಳ್ಳಿದರು.

"ಅಳೋದು ಸಾಕು, ಕಾಯಿ ಬಿಡಿಸು" ಎಂದರು. "ಅದುನ್ನ ಇನ್ನೊಂದ್ಸಲ ಹಾಕು, ಕೇಳಾನ."